ಮೊಬೈಲಿನಲ್ಲಿ ಕಂಡ ಹಳೇ ಪೇಟಿ

ನಮ್ಮ ಇಳಕಲ್ಲ ಸೀಮೆಯಲ್ಲಿ ಹಾರ್ಮೋನಿಯಂ ಅನ್ನುವವರು ಕಡಿಮೆ. ಅದು ಪೇಟಿ, ನುಡಿಸುವವನು ಪೇಟಿ ಮಾಸ್ತರ. ನಾನು ಇಪ್ಪತ್ತೇಳು ವರ್ಷ ಹುನಗುಂದ, ಇಳಕಲ್ಲ ಸುತ್ತಿನ ಭಜನಾ ಮೇಳಗಳಿಗೆ ಪೇಟಿ ಹಿಡಿದಿದ್ದೇನೆ. ಬನಶಂಕರಿ ಜಾತ್ರೆಯ ನಾಟಕದ ತಂಬುಗಳಲ್ಲಿ ಕಾಲುಪೇಟಿ ತುಳಿದಿದ್ದೇನೆ. ಕೆಟ್ಟ ಪೇಟಿ ಬಿಚ್ಚಿ ಕೂಡಿಸುವ ಕೆಲಸವನ್ನು ಕೈಯಾರೆ ಕಲಿತಿದ್ದೇನೆ. ಈಗ ಐದಾರು ವರ್ಷದಿಂದ ಸಂಜೆಯಾದರೆ ಯಾರಾದರೊಬ್ಬರು ಮೊಬೈಲ್ ಹಿಡಿದು ಬರುತ್ತಾರೆ. "ಮಾಸ್ತರ, ಪುಣೆದಾಗ ಒಂದು ಹಳೇ ಪೇಟಿ ಐತ್ರಿ. ಆರು ಸಾವಿರಕ್ಕ ಕೊಡ್ತೀನಿ ಅಂತಾನ. ತಗೋಬೇಕೇನ್ರಿ?"

ಮಗ್ಗದ ಮನೆಯ ಹುಡುಗರು, ಬಾದಾಮಿ ಕಡೆಯ ಶಾಲಾ ಮಾಸ್ತರರು, ಬಾಗಲಕೋಟೆ ನವನಗರದ ನಿವೃತ್ತರು, ಎಲ್ಲರದೂ ಇದೇ ಪ್ರಶ್ನೆ. ನಾನೂ ಹೀಗೆ ಫೋಟೋ ನೋಡಿ ಇಲ್ಲಿಯವರೆಗೆ ಹದಿನಾಲ್ಕು ಪೇಟಿ ಕೊಂಡಿದ್ದೇನೆ. ಒಂಬತ್ತು ಈಗಲೂ ಹಾಡುತ್ತಿವೆ, ಮೂರು ಬಿಡಿಭಾಗಕ್ಕಾದವು, ಎರಡರ ದುಡ್ಡು ಹೋಯಿತು. ಆ ಲೆಕ್ಕದೊಳಗಿಂದ ಬಂದ ಮಾತುಗಳು ಇವು.

1. ಫೋಟೋದಲ್ಲಿ ಕಾಣುವುದು ಕಟ್ಟಿಗೆ, ದುಡ್ಡು ಕೊಡಬೇಕಾದದ್ದು ಸುರಕ್ಕೆ

ಮೈಮೇಲಿನ ಪಾಲಿಶ್, ಹಿತ್ತಾಳೆಯ ಹಿಡಿಕೆ, ಕೊರೆದ ಬಳ್ಳಿ ಇವೆಲ್ಲ ಬಡಿಗೇರ ಕೆಲಸ, ಒಂದು ವಾರದಲ್ಲಿ ಹೊಸದಾಗುತ್ತವೆ. ಪೇಟಿಯ ಆಸ್ತಿ ಒಳಗಿನ ಹಲಗೆಯ ಮೇಲೆ ಸಾಲಾಗಿ ಕೂತ ಹಿತ್ತಾಳೆಯ ಸುರಗಳು, ಅಂದರೆ ರೀಡ್‌ಗಳು. ಮೂರೂವರೆ ಸಪ್ತಕದ ಪೇಟಿಗೆ 42 ಮನೆ, ಅಂದರೆ ಬೆರಳಿನಿಂದ ಒತ್ತುವ ಕೀಗಳು, ಎರಡು ಸಾಲಿನದಾದರೆ 84 ಸುರ. ಒಂದು ಸಾಲು ಖರ್ಜ, ಒಂದು ಸಾಲು ನರ. ಖರ್ಜ ಎಂದರೆ ತಗ್ಗಿನ ಸಪ್ತಕದ ಗಂಭೀರ ದನಿ, ಪಟ್ಟಣದವರು ಬಾಸ್ ಅನ್ನುವುದು ಅದಕ್ಕೇ. ನರ ಅದಕ್ಕಿಂತ ಮೇಲಿನ ಸಪ್ತಕದ ದನಿ. ಖರ್ಜ ಸತ್ತ ಪೇಟಿ ಭಜನೆಗೆ ಬರುವುದಿಲ್ಲ. ತಾಳ, ದಮ್ಮಡಿ, ಡಗ್ಗಾಗಳ ನಡುವೆ ನರ ಸುರದ ಚೀರು ಮಾತ್ರ ಉಳಿಯುತ್ತದೆ, ಹಾಡುವವರಿಗೆ ಕೂರಲು ನೆಲವೇ ಸಿಗುವುದಿಲ್ಲ.

ಆದ್ದರಿಂದ ಮಾರುವವರಿಗೆ ನನ್ನ ಮೊದಲ ಮಾತು ಯಾವಾಗಲೂ ಒಂದೇ: ಮೇಲಿನ ಹಲಗೆ ಬಿಚ್ಚಿ ಸುರದ ಫೋಟೋ ಕಳಿಸಿ. "ಬಿಚ್ಚಾಕ ಬರಂಗಿಲ್ರಿ" ಅಂದರೆ ಬೆಲೆಯನ್ನು ಬರೀ ಕಟ್ಟಿಗೆಯ ಲೆಕ್ಕಕ್ಕೆ ಇಳಿಸಿಕೊಂಡೇ ಮಾತು ಮುಂದುವರಿಸಬೇಕು.

ಫೋಟೋ ಬಂದರೆ ಹಿಗ್ಗಿಸಿ ನೋಡುವುದು ಎರಡು ಜಾಗ. ಮೊದಲನೆಯದು ಸುರದ ನಾಲಗೆ. ಶ್ರುತಿ ಏರಿಸಲು ನಾಲಗೆಯ ತುದಿಯನ್ನು ಕೆರೆಯುತ್ತಾರೆ, ಇಳಿಸಲು ಬುಡವನ್ನು ಕೆರೆಯುತ್ತಾರೆ. ಒಂದೆರಡು ಗೀರು ಇರುವುದು ಸಹಜ. ತುದಿಯಲ್ಲೂ ಬುಡದಲ್ಲೂ ಅರ ಎಳೆದು ಎಳೆದು ಹಿತ್ತಾಳೆ ಬೆಳ್ಳಗಾಗಿದ್ದರೆ ಆ ಸುರ ಬಹಳ ಕೈ ಕಂಡಿದೆ, ತೆಳ್ಳಗಾಗಿದೆ, ಯಾವುದೋ ಜಾಗರಣೆಯ ರಾತ್ರಿ ನಡುಹಾಡಿನಲ್ಲಿ ಮುರಿಯುತ್ತದೆ. ಎರಡನೆಯದು ಸ್ಕ್ರೂ. ಎಲ್ಲ ಸ್ಕ್ರೂಗಳೂ ಒಂದೇ ಬಗೆಯಲ್ಲಿ ಕಪ್ಪಾಗಿದ್ದರೆ ಸುರ ಮೂಲದ್ದು. ನಡುನಡುವೆ ಹೊಳೆಯುವ ಸ್ಕ್ರೂ ಕಂಡರೆ ಅಲ್ಲಿ ಸುರ ಬದಲಾಗಿದೆ. ಬದಲಾದದ್ದೇ ತಪ್ಪಲ್ಲ. ಗುಜರಾತಿನ ಪಾಲಿತಾಣಾ ಸುರಕ್ಕೇ ಹೆಸರಾದ ಊರು, ಅಲ್ಲಿಯ ಸುರ ಹಾಕಿದ ಪೇಟಿಗಳು ಚಲೋ ಹಾಡುತ್ತವೆ. ಆದರೆ ಹಳೇ ಜರ್ಮನ್ ಸುರದ ಸಾಲಿನಲ್ಲಿ ಹತ್ತು ಹೊಸ ಸುರ ಕೂಡಿಸಿದರೆ ಆ ಹತ್ತು ಮನೆಗಳಲ್ಲಿ ದನಿ ಬೇರೆಯಾಗುತ್ತದೆ. ಆಲಾಪ ಏರುವಾಗ ಅದು ಎದ್ದು ಕೇಳುತ್ತದೆ. ನಾನು ಮೊದಲು ತರಿಸಿದ ಪೇಟಿ ಅಂಥದ್ದೇ. 4,500 ರೂಪಾಯಿ ಕೊಟ್ಟೆ, ಬಿಚ್ಚಿ ನೋಡಿದರೆ ಹನ್ನೊಂದು ಸುರ ಬೇರೆ ಬೇರೆ ಊರಿನವು.

2. "ನೂರು ವರ್ಷದ್ದು" ಅನ್ನುವ ಮಾತನ್ನು ಚೀಟಿ ನೋಡಿ ನಂಬಬೇಕು

ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, ಅಲೆಕ್ಸಾಂಡರ್ ದಬೈನ್ ಎಂಬುವವನ ಕೈಯಲ್ಲಿ, 1840ರ ದಶಕದ ಹೊತ್ತಿಗೆ. ಅದು ಕಾಲಿಂದ ತುಳಿಯುವ, ಮೇಜಿನಷ್ಟು ದೊಡ್ಡ ವಾದ್ಯ. ನೆಲದ ಮೇಲೆ ಕೂತು ಒಂದು ಕೈಯಿಂದ ತಿದಿ ಒತ್ತಿ ನುಡಿಸುವ ಪೇಟಿ ನಮ್ಮಲ್ಲಿ ರೂಪುಗೊಂಡದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ, ಕಲ್ಕತ್ತೆಯ ದ್ವಾರಕಾನಾಥ ಘೋಷರ ದ್ವಾರ್ಕಿನ್ ಅಂಗಡಿಯಂಥ ಕಡೆ. ಆದ್ದರಿಂದ "ಇನ್ನೂರು ವರ್ಷದ ಕೈಪೇಟಿ" ಎಂದು ಯಾರಾದರೂ ಬರೆದಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಪೇಟಿಯ ಒಳಗೆ ಅಥವಾ ಮುಚ್ಚಳದ ಮೇಲೆ ತಯಾರಿಸಿದವರ ಚೀಟಿ ಇರುತ್ತದೆ. ಅದರ ವಿಳಾಸ ಓದಿ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೆ ಮೊದಲು ಗಿರಗಾಂವದ ಅಂಗಡಿಯವರು ಬಾಂಬೇ-4 ಎಂದು ಬರೆಯುತ್ತಿದ್ದರು, ಆಮೇಲೆ 400004 ಆಯಿತು. ಆರು ಅಂಕಿ ಇದ್ದರೆ ಚೀಟಿ 1972ರ ಈಚಿನದು. ಮುಂಬೈ ಎಂದು ಅಚ್ಚಾಗಿದ್ದರೆ ಹೆಚ್ಚುಕಡಿಮೆ 1995ರ ನಂತರದ್ದು, ಕೋಲ್ಕತಾ ಎಂದಿದ್ದರೆ 2001ರ ನಂತರದ್ದು. ಒಳಗೆ ಪ್ಲೈವುಡ್ ಕಂಡರೆ, ನಕ್ಷತ್ರದ ಬಾಯಿಯ ಸ್ಕ್ರೂ ಕಂಡರೆ, ಅದೂ ಈಚಿನ ಕೈಕೆಲಸವೇ. ಚೀಟಿ ಇಲ್ಲದಿದ್ದರೆ ಮನೆಗಳ ಸವಕಲು ನೋಡಿ. ನಿಜವಾಗಿ ನುಡಿಸಿದ ಪೇಟಿಯಲ್ಲಿ ನಡು ಸಪ್ತಕ ಸವೆದಿರುತ್ತದೆ, ಎರಡು ತುದಿಗಳು ಹೊಸತಾಗಿರುತ್ತವೆ. ಹಿಂದಿನ ಮಾಸ್ತರ ಯಾವ ಶ್ರುತಿ ಹಿಡಿಯುತ್ತಿದ್ದ, ಕರಿ ಎರಡರಲ್ಲಿ ಹಾಡಿಸುತ್ತಿದ್ದನೋ ಬಿಳಿ ನಾಲ್ಕರಲ್ಲೋ ಎಂಬುದನ್ನೂ ಆ ಸವಕಲಿನಿಂದ ಊಹಿಸಬಹುದು. ಒಂದೊಂದು ಪೇಟಿಯಲ್ಲಿ ಆ ಬೆರಳಿನ ಗುಳಿ ಕಂಡಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದುಂಟು.

ವಯಸ್ಸಿಗಾಗಿ ಹೆಚ್ಚು ದುಡ್ಡು ಕೊಡಬೇಡಿ. ಮೂಲ ಸುರ ಉಳಿದಿರುವ 1960-70ರ ದಶಕದ ಸಾಗವಾನಿ ಪೇಟಿ, ಸುರ ಸತ್ತ ಶತಮಾನದ ಪೇಟಿಗಿಂತ ನೂರು ಪಾಲು ಮೇಲು.

3. ಹಾಡು ಬೇಡ, ಪರೀಕ್ಷೆ ಬೇಕು

ಮಾರುವವರು ಕಳಿಸುವ ವಿಡಿಯೋದಲ್ಲಿ ಯಾರೋ ಚುರುಕಾಗಿ ಒಂದು ಸಿನಿಮಾ ಹಾಡು ನುಡಿಸಿರುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ, ಬೆರಳು ಓಡುವಾಗ ಸುರದ ದೋಷ ಮುಚ್ಚಿಹೋಗುತ್ತದೆ. ನಾನು ಕೇಳುವುದು ಮೂರು ತುಣುಕು ವಿಡಿಯೋ.

ಒಂದು: ಕಟ್ಟೆಗಳೆಲ್ಲ, ಅಂದರೆ ಮುಂದಿನ ಸ್ಟಾಪ್‌ಗಳೆಲ್ಲ ತೆರೆದು, ಯಾವ ಮನೆಯನ್ನೂ ಒತ್ತದೆ ತಿದಿ ತುಂಬಿ ಕೈ ಬಿಡಬೇಕು. ಆಗ ಯಾವುದಾದರೂ ಸುರ ತಾನೇ ಕೂಗಿದರೆ ಅದರ ಮುಚ್ಚಿಗೆಯ ಚರ್ಮ ಹೋಗಿದೆ ಅಥವಾ ಸ್ಪ್ರಿಂಗ್ ಸಡಿಲಾಗಿದೆ. ಅದು ಸಣ್ಣ ರೋಗ. ಕೂಗದೆ, ಉಸಿರು ಬಿಟ್ಟ ಹಾಗೆ ಸುಯ್ ಎಂದು ಗಾಳಿ ಹೋದರೆ ಹಲಗೆಯಲ್ಲಿ ಬಿರುಕಿದೆ ಅಥವಾ ತಿದಿ ಹರಿದಿದೆ. ಹತ್ತು ಸೆಕೆಂಡಿನೊಳಗೆ ಗಾಳಿಯೆಲ್ಲ ಬಸಿದುಹೋದರೆ ರಿಪೇರಿ ದುಡ್ಡು ಈಗಲೇ ಬೆಲೆಯಿಂದ ಕಳೆಯಿರಿ.

ಎರಡು: ತಳದ ಮೊದಲ ಮನೆಯಿಂದ ಮೇಲಿನ ಕೊನೆಯ ಮನೆಯವರೆಗೆ, ಬಿಳಿ ಕರಿ ಯಾವುದನ್ನೂ ಬಿಡದೆ, ಒಂದೊಂದನ್ನು ಮೂರು ಸೆಕೆಂಡು ಒತ್ತಬೇಕು. ಮೊದಲು ಖರ್ಜದ ಸಾಲು ಮಾತ್ರ, ಆಮೇಲೆ ನರ ಮಾತ್ರ. ಎರಡನ್ನೂ ಕೂಡಿಸಿ ನುಡಿಸಿದರೆ ಒಂದು ಸತ್ತದ್ದು ಇನ್ನೊಂದರ ನೆರಳಲ್ಲಿ ಅಡಗುತ್ತದೆ. ಖರ್ಜದ ಸುರಗಳು ದಪ್ಪ, ಅವು ನಿಧಾನಕ್ಕೆ ಏಳುತ್ತವೆ. ಮೆಲ್ಲಗೆ ಗಾಳಿ ಕೊಟ್ಟಾಗಲೂ ಏಳುತ್ತವೆಯೇ ಎಂಬುದೇ ಪರೀಕ್ಷೆ. ಜೋರಾಗಿ ಹೊಡೆದಾಗ ಮಾತ್ರ ಎದ್ದರೆ ಆ ಸುರದ ನಾಲಗೆ ಬಾಗಿದೆ ಅಥವಾ ಅದರಲ್ಲಿ ಕಸ ಕೂತಿದೆ.

ಮೂರು: ಎರಡೂ ಸಾಲು ಕೂಡಿಸಿ ಸಾ, ಪ, ಮೇಲಿನ ಸಾ. ಅಲೆ ಅಲೆಯಾಗಿ ನಡುಗಿದರೆ ಎರಡು ಸುರಕ್ಕೆ ಜಗಳವಿದೆ.

ಫೋನಿನಲ್ಲಿ ದನಿಯ ಸೊಗಸು ತಿಳಿಯುವುದಿಲ್ಲ, ಖರ್ಜವಂತೂ ಅರ್ಧಕ್ಕರ್ಧ ಕಳೆದುಹೋಗುತ್ತದೆ. ಆದರೆ ಸತ್ತ ಮನೆ, ಸೋರುವ ಗಾಳಿ, ನಡುಗುವ ಶ್ರುತಿ ಈ ಮೂರೂ ಸಾಮಾನ್ಯ ಫೋನಿನಲ್ಲೂ ಕೇಳುತ್ತವೆ. ಇಯರ್‌ಫೋನ್ ಹಾಕಿಕೊಂಡು ಕೇಳಿ.

4. ಎಲ್ಲವೂ ಒಂದೇ ಸಮ ತಗ್ಗಿದ್ದರೆ ಹೆದರಬೇಡಿ

ಈಗ ಹುಡುಗರು ಟ್ಯೂನರ್ ಆ್ಯಪ್ ಹಚ್ಚಿ ನೋಡಿ "ಮಾಸ್ತರ, ಪೂರಾ ಪೇಟಿ ಬೇಸೂರೈತಿ" ಎಂದು ಬಿಟ್ಟುಬಿಡುತ್ತಾರೆ. ಆ್ಯಪ್ ಅಳೆಯುವುದು ಎ ಸ್ವರಕ್ಕೆ 440 ಹರ್ಟ್ಸ್ ಎಂಬ ಲೆಕ್ಕದಲ್ಲಿ. ಅದು ಲೋಕಕ್ಕೆಲ್ಲ ಒಂದೇ ಅಳತೆಯೆಂದು ಲಂಡನ್ನಿನ ಸಭೆಯೊಂದರಲ್ಲಿ ಒಪ್ಪಿತವಾದದ್ದು 1939ರಲ್ಲಿ. ಫ್ರಾನ್ಸ್ 1859ರಲ್ಲೇ 435 ಎಂದು ಗೊತ್ತುಮಾಡಿಕೊಂಡಿತ್ತು. ಎರಡಕ್ಕೂ ಇರುವ ಅಂತರ ಸುಮಾರು 20 ಸೆಂಟ್, ಅಂದರೆ ಪಕ್ಕಪಕ್ಕದ ಎರಡು ಮನೆಗಳ ನಡುವಿನ ದೂರದಲ್ಲಿ ಐದನೇ ಒಂದು ಪಾಲು. ಹಳೇ ಪೇಟಿಯ ಎಲ್ಲ ಮನೆಗಳೂ ಹೀಗೆ ಒಂದೇ ಸಮ ತಗ್ಗಿದ್ದರೆ ಅದು ತನ್ನ ಶ್ರುತಿಯಲ್ಲಿ ಸರಿಯಾಗಿಯೇ ಇದೆ. ಭಜನೆಗೆ, ಪಾಠಕ್ಕೆ, ಮನೆಯ ಹಾಡಿಗೆ ಏನೂ ಅಡ್ಡಿಯಿಲ್ಲ. ಅದನ್ನು 440ಕ್ಕೆ ಏರಿಸಲು ಹೋಗಿ 84 ಸುರವನ್ನೂ ಕೆರೆಸುವುದು ಹಳೇ ಹಿತ್ತಾಳೆಗೆ ಮಾಡುವ ದ್ರೋಹ. ಕ್ಯಾಸಿಯೊ, ಕೊಳಲು ಇಟ್ಟುಕೊಂಡು ಆರ್ಕೆಸ್ಟ್ರಾದಲ್ಲಿ ಕೂರುವವರಿಗೆ ಮಾತ್ರ ಇದು ನಿಜವಾದ ತೊಡಕು, ಅವರು ಬೇರೆ ಪೇಟಿ ನೋಡಲಿ.

ಒಂದು ಮನೆ 15 ಸೆಂಟ್ ಏರಿ, ಪಕ್ಕದ್ದು 25 ಸೆಂಟ್ ಇಳಿದು ಚೆಲ್ಲಾಪಿಲ್ಲಿ ಇದ್ದರೆ ಅದು ರೋಗ.

5. ನೀರು ಕಂಡ ಪೇಟಿ

2019ರ ಆಗಸ್ಟಿನಲ್ಲಿ ಮಲಪ್ರಭೆ ಬಂದಳು. ಬಾದಾಮಿ, ಹುನಗುಂದ ತಾಲೂಕುಗಳ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು, ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೂ ನಿಂತಿತು. ಮರುವರ್ಷ ಬಾದಾಮಿ ತಾಲೂಕಿನ ಒಂದು ಊರಿನಿಂದ ಮೊಬೈಲಿನಲ್ಲಿ ಪೇಟಿಯೊಂದು ಮಾರಾಟಕ್ಕೆ ಬಂತು. ಮೂರು ಸಾವಿರ. ಮೈ ಹೊಳೆಯುತ್ತಿತ್ತು, ತಿದಿಗೆ ಹೊಸ ಬಟ್ಟೆ. ಹತ್ತಿರದ್ದೇ ಊರು, ನಾನೇ ಹೋದೆ.

ಹಲಗೆ ಎತ್ತಿದಾಗ ಮನೆಗಳ ಕೆಳಗೆ ಹಿಟ್ಟಿನಂಥ ಸಣ್ಣ ರೇವೆ ಮಣ್ಣು. ಹಿತ್ತಾಳೆಗೆ ಹಸಿರು ಕಿಲುಬು ಹತ್ತಿತ್ತು. ಕಬ್ಬಿಣದ ಸ್ಪ್ರಿಂಗುಗಳು ತುಕ್ಕು ಹಿಡಿದು ಮುಟ್ಟಿದರೆ ಮುರಿಯುತ್ತಿದ್ದವು. ಹಳೇ ಪೇಟಿಗಳನ್ನು ಸರೇಸಿನಿಂದ ಅಂಟಿಸಿರುತ್ತಾರೆ, ನೀರು ತಾಗಿದರೆ ಸರೇಸು ಬಿಡುತ್ತದೆ. ಹಲಗೆಯ ಸಂದುಗಳೆಲ್ಲ ಬಾಯಿ ತೆರೆದಿದ್ದವು. ಮಾರುತ್ತಿದ್ದ ಹೆಣ್ಣುಮಗಳು ಮೋಸದವಳಲ್ಲ. "ನಮ್ಮ ಮಾವಾರ ಪೇಟಿ ರೀ ಅದು. ಎರಡು ದಿನ ನೀರಾಗ ಇತ್ತು. ಒರಸಿ ಇಟ್ಟೀವಿ, ಒಳಗಿಂದು ನಮಗ ತಿಳೀಲಿಲ್ಲ" ಅಂದಳು.

ಕಟ್ಟಿಗೆ ಉಳಿಯುವಂತಿರಲಿಲ್ಲ. ಸುರ ಮಾತ್ರ ಜರ್ಮನ್, ಯಾರೂ ಹೆಚ್ಚು ಕೆರೆಯದವು. ಇದ್ದದ್ದನ್ನು ಇದ್ದಂತೆ ಹೇಳಿ, ಸುರಕ್ಕೆ ತಕ್ಕ ಬೆಲೆ ಕೊಟ್ಟು ತಂದೆ. ಹುಣಸೆಹಣ್ಣು, ನಿಂಬೆರಸ ಹಚ್ಚಿ ಪಾತ್ರೆಯಂತೆ ತಿಕ್ಕಬಾರದು, ಹಿತ್ತಾಳೆ ತಿಂದುಹೋಗಿ ಶ್ರುತಿ ಓಡುತ್ತದೆ. ಮೆತ್ತನ್ನ ಬ್ರಷ್ಷಿಗೆ ಸ್ಪಿರಿಟ್ ಅದ್ದಿ ಒಂದೊಂದನ್ನೇ ಬಿಡಿಸಿದೆ. 84ರಲ್ಲಿ 61 ಬದುಕಿದವು, ಇನ್ನೊಂದು ಪೇಟಿಯ ಒಡಲಿಗೆ ಕೂಡಿಸಿದೆ. ಆ ಮನೆಯವರನ್ನು ಕರೆದು ಕೇಳಿಸಿದಾಗ ಆ ಹೆಣ್ಣುಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ದಿನ ನನಗೆ ಈ ಕೆಲಸದ ಮೇಲೆ ಇನ್ನಷ್ಟು ಗೌರವ ಬಂತು.

ನಮ್ಮ ಜಿಲ್ಲೆಯಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಇವೆ. ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಹೋದವು. ಇಲ್ಲಿಯ ಹಳೇ ಪೇಟಿ ಕೊಳ್ಳುವವರು "ಇದು ನೀರು ಕಂಡದ್ದೇನ್ರಿ?" ಎಂದು ನೇರವಾಗಿ ಕೇಳಬೇಕು. ಮನೆಗಳ ಕೆಳಗೆ ಬಿಳೀ ಬಟ್ಟೆ ಆಡಿಸಿ ಫೋಟೋ ಕಳಿಸಲು ಹೇಳಿ. ಬಟ್ಟೆಗೆ ಕರಿ ಧೂಳು ಹತ್ತಿದರೆ ಪರವಾಗಿಲ್ಲ, ಮಣ್ಣಿನ ಬಣ್ಣ ಹತ್ತಿದರೆ ಎಚ್ಚರ.

6. "ಆನೆದಂತದ ಮನೆ" ಎಂದು ಬರೆದಿದ್ದರೆ ಬಿಡಿ

ಹೆಚ್ಚಿನವು ಸೆಲ್ಯುಲಾಯ್ಡ್. ನಿಜವಾಗಿ ದಂತವೇ ಆಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ಅದರ ವ್ಯಾಪಾರ ಅಪರಾಧ. ಎರಡರಲ್ಲಿ ಯಾವುದೇ ಆದರೂ ಆ ಮಾತಿಗೆ ಹೆಚ್ಚು ಬೆಲೆ ಕೊಡಲು ಕಾರಣವಿಲ್ಲ.

7. ನಮ್ಮ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಿರಿ

ಮಂಗಳೂರು, ಕೊಂಕಣ, ಮುಂಬೈಗಳಲ್ಲಿ ಐವತ್ತು ವರ್ಷ ಇದ್ದ ಕಟ್ಟಿಗೆ ಆ ತೇವಕ್ಕೆ ಹೊಂದಿರುತ್ತದೆ. ಅದು ನಮ್ಮ ಒಣಹವೆಗೆ ಬಂದು ಏಪ್ರಿಲ್‌ನ 40 ಡಿಗ್ರಿ ಕಂಡಾಗ ಕುಗ್ಗುತ್ತದೆ. ಸುರ ಕೂರುವ ಹಲಗೆ ಕೂದಲಿನಷ್ಟು ಸೀಳಿದರೂ ಗಾಳಿ ಒಂದು ಸುರದಿಂದ ಇನ್ನೊಂದಕ್ಕೆ ಹಾಯುತ್ತದೆ, ಒಂದು ಮನೆ ಒತ್ತಿದರೆ ಎರಡು ದನಿ ಬರುತ್ತದೆ. ಮಳೆಗಾಲದಲ್ಲಿ ಬಂದ ಪೇಟಿ ದೀಪಾವಳಿಯ ತನಕ ಚಲೋ ಹಾಡಿ ಯುಗಾದಿಗೆ ಸೋರತೊಡಗುವುದು ಇದೇ ಕಾರಣಕ್ಕೆ.

ದೂರದಿಂದ ಬಂದ ಪೇಟಿಯನ್ನು ಬಂದ ದಿನವೇ ನುಡಿಸಬೇಡಿ. ಹಳೇ ಸೀರೆಯಲ್ಲಿ ಸುತ್ತಿ, ತಂಪಿನ ಮೂಲೆಯಲ್ಲಿ ಹತ್ತು ದಿನ ಇಡಿ. ತಗಡಿನ ಮನೆಯವರು ಮೇಲಿನ ಅಟ್ಟಕ್ಕೆ ಏರಿಸಬೇಡಿ, ನೆಲದ ಹತ್ತಿರವೇ ಇರಲಿ. ಬಿರುಕು ಬಿದ್ದರೆ ಎಂ-ಸೀಲ್ ತುಂಬುವವರಿದ್ದಾರೆ, ಅದು ಕಲ್ಲಾಗಿ ಮುಂದಿನ ಬೇಸಿಗೆಗೆ ಪಕ್ಕದಲ್ಲೇ ಮತ್ತೊಂದು ಬಿರುಕು ತರುತ್ತದೆ. ತೆಳು ಆಡಿನ ಚರ್ಮದ ಪಟ್ಟಿ ಅಂಟಿಸುವುದೇ ಸರಿಯಾದ ದಾರಿ, ಅದು ಕಟ್ಟಿಗೆಯ ಜೊತೆ ಹಿಗ್ಗುತ್ತದೆ, ಕುಗ್ಗುತ್ತದೆ.

8. ದುಡ್ಡು ಕಳಿಸುವ ಮೊದಲು

ನನ್ನ ಎರಡು ಪೇಟಿಯ ದುಡ್ಡು ಹೋದದ್ದು ಒಂದೇ ಬಗೆಯಲ್ಲಿ, ಪೇಟಿ ಕಣ್ಣಿಂದ ನೋಡದೆ ದುಡ್ಡು ಹಾಕಿ. ಒಬ್ಬ ತಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಪೇಟಿ ಬಿಟ್ಟು ಹೋಗಬೇಕು ಅಂದ. ಗುರುತಿನ ಚೀಟಿಯ ಫೋಟೋನೂ ಕಳಿಸಿದ. ಸೈನಿಕರೆಂದರೆ ನಮಗೆ ಗೌರವ, ನಂಬಿದೆ. ಗೇಟ್‌ಪಾಸಿಗೆ ಎಂದು ಎರಡು ಸಾವಿರ, ಪಾರ್ಸಲ್ಲಿಗೆ ಎಂದು ಒಂದೂವರೆ ಸಾವಿರ ಹಾಕಿದೆ. ಆಮೇಲೆ ಫೋನ್ ಇಲ್ಲ. ಎರಡನೆಯವನದು ಪೇಟಿಯೇ ಇರಲಿಲ್ಲ, ಯಾರದೋ ಫೋಟೋ.

ಈಗ ನನ್ನ ನಿಯಮ ಇಷ್ಟು. ಮಾರುವವರು ಆ ದಿನದ ಪತ್ರಿಕೆಯನ್ನು ಪೇಟಿಯ ಮೇಲಿಟ್ಟು ವಿಡಿಯೋ ಕರೆ ಮಾಡಬೇಕು. ಆ ಊರಿನಲ್ಲಿ ನೆಂಟರೋ, ನೆಂಟರ ನೆಂಟರೋ ಒಬ್ಬರು ಹೋಗಿ ನೋಡಿ ದುಡ್ಡು ಕೊಡಬೇಕು. ಹಣ ಪಡೆಯಲು ಯಾರೂ ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ಮೋಸವಾದರೆ ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ಮೂರು ದಿನ ತಡಮಾಡಿದೆ.

9. ಪೂರಾ ಲೆಕ್ಕ ಹಾಕಿ

ಬೆಲೆ 5,000, ತರಿಸಿದ್ದು 900, ತಿದಿ, ಚರ್ಮ, ಸ್ಪ್ರಿಂಗು, ಶ್ರುತಿ ಸೇರಿ 3,500. ಒಟ್ಟು 9,400. ಇದು ನನ್ನ ಕೈಯಲ್ಲಿ ಕೊನೆಗೆ ಬಂದ ಪೇಟಿಯ ಲೆಕ್ಕ. ಕೇಳುವಂಥ ಎರಡು ಸಾಲಿನ ಹೊಸ ಪೇಟಿಗೆ 15 ಸಾವಿರದ ಮೇಲೆಯೇ ಹೋಗಬೇಕು, ಆದ್ದರಿಂದ ಇದು ಒಳ್ಳೆಯ ವ್ಯಾಪಾರ. ರಿಪೇರಿ ಕೂಡಿ ಹೊಸದರ ಮುಕ್ಕಾಲು ಬೆಲೆ ದಾಟಿದರೆ ಹೊಸದನ್ನೇ ಕೊಳ್ಳಿ ಎಂದು ನಾನು ಹೇಳುತ್ತೇನೆ. ಮೊದಲ ಬಾರಿಗೆ ಕಲಿಯುವ ಮಗುವಿಗಂತೂ ಹಳೇ ಪೇಟಿ ಬೇಡ. ತಪ್ಪು ಸುರ ಯಾವುದು, ತಪ್ಪು ಬೆರಳು ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ.

10. ಕಾಲುಪೇಟಿಯ ಮಾತು ಬೇರೆ

ಇದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಇಲ್ಲಿ ನನಗೆ ಸಂಕಟವಿದೆ. ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದರೆ ಅಲ್ಲಿಂದ ತಿಂಗಳವರೆಗೆ ಜಾತ್ರೆ, ಸಾಲಾಗಿ ನಾಟಕ ಕಂಪನಿಗಳ ತಂಬು. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಯಂಥ ಪೌರಾಣಿಕಗಳು, ಸೂಳೇಬಾವಿಯ ಪಿ.ಬಿ. ಧುತ್ತರಗಿಯವರ ಸಾಮಾಜಿಕಗಳು, ಇವೆಲ್ಲ ನಮ್ಮದೇ ಮಣ್ಣಿನವರು ಬರೆದು ಇಡೀ ಕರ್ನಾಟಕ ನೋಡಿದ ನಾಟಕಗಳು. ಆ ರಂಗದ ಮುಂದೆ ಕಾಲುಪೇಟಿ ಇರುತ್ತಿತ್ತು. ಕಾಲಿಂದ ತಿದಿ ತುಳಿದರೆ ಎರಡೂ ಕೈ ಖಾಲಿ. ಎಡಗೈಗೆ ಖರ್ಜ, ಬಲಗೈಗೆ ಹಾಡು. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಮುಟ್ಟುತ್ತಿದ್ದ ದನಿ ಅದು. ರೇಡಿಯೋದವರು 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಗಮಕ ಬರುವುದಿಲ್ಲ, ನಮ್ಮ ಸಂಗೀತಕ್ಕೆ ಸಲ್ಲದು ಎಂಬ ವಾದ. ಆ ಮೂವತ್ತೊಂದು ವರ್ಷವೂ ಪೇಟಿ ನಾಟಕದಲ್ಲಿ, ಮಠದಲ್ಲಿ, ಭಜನೆಯಲ್ಲಿ ಬದುಕಿತು. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥವರು ಅದನ್ನು ಸ್ವತಂತ್ರವಾಗಿ ನುಡಿಸಿ ತೋರಿಸಿದರು.

ಈಗ ಮೊಬೈಲಿನಲ್ಲಿ ಕಾಲುಪೇಟಿ ಕಂಡರೆ ನುಡಿಸುವವರಿಗಿಂತ ಮೊದಲು ಅಲಂಕಾರದವರು ಕೊಳ್ಳುತ್ತಾರೆ. ಸುರ ತೆಗೆದು ತೂಕಕ್ಕೆ ಹಾಕಿ, ಮೇಲೆ ಗಾಜು ಕೂಡಿಸಿ, ಹೋಟೆಲಿನ ಬಾಗಿಲಲ್ಲಿ ಮೇಜು ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರು ಕೊಡುವ ಬೆಲೆಯನ್ನು ನಮ್ಮ ಮೇಳಗಳು ಕೊಡಲಾರವು. ಹಾಗಾಗಿ ಕಾಲುಪೇಟಿಗೆ ಮಾತ್ರ ನನ್ನ ಒಂಬತ್ತನೆಯ ಪಾಠದ ಲೆಕ್ಕ ಹಚ್ಚಬೇಡಿ. ಸುರ ಮೂಲದ್ದಿದ್ದು, ತುಳಿಯುವವರು ಊರಲ್ಲಿ ಒಬ್ಬರಾದರೂ ಇದ್ದರೆ, ನಾಲ್ಕು ಮನೆಯವರು ಕೂಡಿ ಸ್ವಲ್ಪ ಹೆಚ್ಚು ಕೊಟ್ಟಾದರೂ ತನ್ನಿ.

ಅಟ್ಟದ ಮೇಲೆ ಅಜ್ಜನ ಪೇಟಿ ಇಟ್ಟುಕೊಂಡವರಿಗೂ ಒಂದು ಮಾತು. ಮೊಬೈಲಿಗೆ ಫೋಟೋ ಹಾಕುವ ಮೊದಲು ನಿಮ್ಮೂರ ಭಜನಾ ಮೇಳದವರಿಗೆ ಒಮ್ಮೆ ಹೇಳಿ ಕಳಿಸಿ. ಅವರು ಸಾವಿರ ರೂಪಾಯಿ ಕಡಿಮೆ ಕೊಟ್ಟಾರು, ಆದರೆ ಬರುವ ಶ್ರಾವಣ ಸೋಮವಾರ ಅದರ ದನಿ ನಿಮ್ಮ ಮನೆಯ ಕಟ್ಟೆಗೇ ಕೇಳುತ್ತದೆ.